ಸ್ಪರ್ಧೆ ಕೆಲಸ ಕಲಿಸುವುದಿಲ್ಲ

ನಂಜನಗೂಡು, ತಿ. ನರಸೀಪುರದ ಕಡೆ ಪದವಿ ಮುಗಿಸಿ ಮನೆಗೆ ಬಂದ ಹುಡುಗ ಹುಡುಗಿಯರಿಗೆ ಊರಿಗೂರೇ ಹೇಳುವ ಬುದ್ಧಿಮಾತು ಒಂದೇ: 'ಇದು ಕಾಂಪಿಟೇಷನ್ ಕಾಲ ಕಣಪ್ಪ, ಸ್ಪರ್ಧೆ ಮಾಡೋದು ಕಲಿ.' ಕಾಲೇಜಿನ ಬೀಳ್ಕೊಡುಗೆಗೆ ಬಂದ ಅತಿಥಿಗಳು ಇದನ್ನೇ ಹೇಳುತ್ತಾರೆ. ಉದ್ಯೋಗ ಮೇಳದ ವೇದಿಕೆಯಿಂದ ಮಂತ್ರಿಗಳು ಹೇಳುತ್ತಾರೆ. ಕೋಚಿಂಗ್ ಸೆಂಟರಿನ ಫಲಕ ಹೇಳುತ್ತದೆ. ಮದುವೆ ಮನೆಯಲ್ಲಿ ಸಿಕ್ಕ ಸೋದರಮಾವನೂ ಊಟದ ಪಂಕ್ತಿಯಲ್ಲಿ ಅದನ್ನೇ ಹೇಳಿ ಏಳುತ್ತಾನೆ. ಎದುರು ಮಾತಾಡುವವರು ಯಾರೂ ಇಲ್ಲದ್ದರಿಂದ ಅದು ಸತ್ಯವೇ ಇರಬೇಕು ಎಂದು ಮಕ್ಕಳು ನಂಬುತ್ತಾರೆ.

ಈ ಬುದ್ಧಿಮಾತಿನ ಬೆನ್ನಿಗೆ ಒಂದು ಇಡೀ ಸಿದ್ಧಾಂತವಿದೆ. ಅದನ್ನು ನಂಬಿದವರು ಹೇಳುವಂತೆಯೇ ಇಲ್ಲಿ ಹೇಳುತ್ತೇನೆ. ಕೆಲಸಗಳು ಇವೆ, ಆದರೆ ಅವಕ್ಕೆ ತಕ್ಕ ಕೌಶಲವಿರುವ ಮಕ್ಕಳು ಸಿಗುತ್ತಿಲ್ಲ. ಹಳ್ಳಿಯ ಮಕ್ಕಳಿಗೆ ಇಂಗ್ಲಿಷ್ ಬರುವುದಿಲ್ಲ, ನಾಲ್ಕು ಜನರೆದುರು ನಿಂತು ಮಾತಾಡಲು ಬರುವುದಿಲ್ಲ, ಗೆಲ್ಲಬೇಕೆಂಬ ಹಸಿವಿಲ್ಲ. ಈ ಕೊರತೆಗಳನ್ನು ತಮ್ಮ ದುಡ್ಡಿನಲ್ಲಿ, ತಮ್ಮ ಹೊತ್ತಿನಲ್ಲಿ ತುಂಬಿಕೊಂಡು ಬಂದವರು ಮೇಲೇರುತ್ತಾರೆ. ಬಾರದವರು ಉಳಿದುಹೋಗುತ್ತಾರೆ. ಉಳಿದುಹೋದವರು ಬೇರೆ ಯಾರನ್ನೂ ದೂರುವಂತಿಲ್ಲ.

ಈ ಸಿದ್ಧಾಂತ ಬುಡದಿಂದಲೇ ತಪ್ಪು ಎಂಬುದು ನನ್ನ ವಾದ. ಸ್ಪರ್ಧೆ ಇಂದಿನವರೆಗೆ ಯಾರಿಗೂ ಕೆಲಸ ಕಲಿಸಿಲ್ಲ. ಇದ್ದವರಲ್ಲಿ ಕೆಲವರನ್ನು ಆರಿಸುವುದು, ಉಳಿದವರನ್ನು ಆಚೆ ಕಳಿಸುವುದು, ಇಷ್ಟೇ ಅದರ ಶಕ್ತಿ. ಕೆಲಸ ಕಲಿಯುವುದು ಕೆಲಸ ನಡೆಯುವ ಜಾಗದಲ್ಲಿ, ಅದನ್ನು ಬಲ್ಲವರ ಪಕ್ಕದಲ್ಲಿ, ಕಲಿಯುವ ದಿನಗಳಲ್ಲೂ ಹೊಟ್ಟೆಗೆ ಆಗುವಷ್ಟು ಕೂಲಿ ಕೈಗೆ ಬರುವಾಗ. ಅಂಥ ಜಾಗ ಕೊಡಬೇಕಾದವರು ಆ ಹೊಣೆಯಿಂದ ಮೆಲ್ಲಗೆ ಹಿಂದೆ ಸರಿದಿದ್ದಾರೆ. ಅವರು ಹಿಂದೆ ಸರಿದದ್ದಕ್ಕೆ 'ಕೌಶಲದ ಕೊರತೆ' ಎಂದು ಹೆಸರಿಟ್ಟು, ಇಪ್ಪತ್ತೆರಡು ವರ್ಷದ ಮಕ್ಕಳ ತಲೆಗೆ ಕಟ್ಟಿದ್ದೇವೆ.

ಕೌಶಲದ ಕೊರತೆಯ ಮಾತಿಗೆ ಸಾಮಾನ್ಯವಾಗಿ ಕೊಡುವ ಪುರಾವೆಯನ್ನೇ ಮೊದಲು ನೋಡೋಣ. ಕೇಂದ್ರ ಸರ್ಕಾರದ 2023-24ರ ಆರ್ಥಿಕ ಸಮೀಕ್ಷೆ ಯುವಜನರಲ್ಲಿ ಶೇ 51.25ರಷ್ಟು ಮಂದಿ ಮಾತ್ರ ಉದ್ಯೋಗಕ್ಕೆ ಅರ್ಹರು ಎಂಬ ಅಂದಾಜನ್ನು ಮುಂದಿಟ್ಟಿತು. ಕಾಲೇಜಿನಿಂದ ಹೊರಬರುವ ಇಬ್ಬರಲ್ಲಿ ಒಬ್ಬರು ಕೆಲಸಕ್ಕೆ ಸಿದ್ಧರಿಲ್ಲ ಎಂಬ ಮಾತು ಅಲ್ಲಿಂದ ಎಲ್ಲ ಭಾಷಣಗಳಿಗೂ ಹಬ್ಬಿತು. ಆದರೆ ಅದೇ ಸಮೀಕ್ಷೆಯಲ್ಲಿ ಇನ್ನೊಂದು ಮಾತಿದೆ. 33,000ಕ್ಕೂ ಹೆಚ್ಚು ಕಂಪನಿಗಳ ಲೆಕ್ಕ ನೋಡಿದರೆ, 2020ರಿಂದ 2023ರ ನಡುವಿನ ಮೂರು ಹಣಕಾಸು ವರ್ಷಗಳಲ್ಲಿ ಅವುಗಳ ತೆರಿಗೆ ಪೂರ್ವ ಲಾಭ ಹತ್ತಿರ ಹತ್ತಿರ ನಾಲ್ಕು ಪಟ್ಟಾಗಿದೆ, ನೇಮಕಾತಿಯೂ ಸಂಬಳವೂ ಅದಕ್ಕೆ ತಕ್ಕಂತೆ ಬೆಳೆದಿಲ್ಲ ಎಂದು ಸರ್ಕಾರದ ಅರ್ಥಶಾಸ್ತ್ರಜ್ಞರೇ ಬರೆದರು. ಮಕ್ಕಳು ತಯಾರಿಲ್ಲದೆ ಉದ್ಯಮ ನರಳುತ್ತಿದೆ ಎನ್ನುವುದಾದರೆ ನಾಲ್ಕು ಪಟ್ಟು ಲಾಭ ಎಲ್ಲಿಂದ ಬಂತು? ಒಂದೇ ಪುಸ್ತಕದ ಒಂದು ಪುಟವನ್ನು ಊರೂರಲ್ಲಿ ಓದಿ ಹೇಳಿ, ಇನ್ನೊಂದು ಪುಟವನ್ನು ಮಡಿಚಿಡುವುದು ಪ್ರಾಮಾಣಿಕ ಉಪದೇಶವಲ್ಲ.

ಓದಿದಷ್ಟೂ ಕೆಲಸ ಸಿಗುತ್ತದೆ ಎಂಬ ನಂಬಿಕೆಗೂ ಅಂಕಿಗಳು ಒಪ್ಪುವುದಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯೂ ದೆಹಲಿಯ ಮಾನವ ಅಭಿವೃದ್ಧಿ ಸಂಸ್ಥೆಯೂ ಸೇರಿ 2024ರಲ್ಲಿ ಹೊರತಂದ ಭಾರತದ ಉದ್ಯೋಗ ವರದಿಯ ಪ್ರಕಾರ, ಓದು ಬರಹ ಬಾರದ ಯುವಜನರಲ್ಲಿ ನಿರುದ್ಯೋಗ ಶೇ 3.4 ಇದ್ದರೆ ಪದವೀಧರರಲ್ಲಿ ಶೇ 29.1. ಬಡವರ ಮನೆಯಲ್ಲಿ ಓದದ ಮಗ ಸಿಕ್ಕ ಕೂಲಿಗೆ ಹೋಗಲೇಬೇಕು, ಓದಿದ ಮಗಳು ಓದಿಗೆ ತಕ್ಕ ಕೆಲಸಕ್ಕೆ ಕಾಯುತ್ತಾಳೆ ಎಂಬುದು ಈ ಅಂತರಕ್ಕೆ ಒಂದು ಕಾರಣ. ಇನ್ನೊಂದು ಕಾರಣ ಓದಿಗೆ ತಕ್ಕ ಕೆಲಸಗಳು ಹುಟ್ಟದೇ ಇರುವುದು. ಹತ್ತು ಕುರ್ಚಿಗೆ ನೂರು ಜನ ನಿಂತಿರುವಾಗ ನೂರು ಜನರಿಗೂ ಓಡುವುದು ಕಲಿಸಿದರೆ ಕುರ್ಚಿ ಹನ್ನೊಂದಾಗುವುದಿಲ್ಲ.

ನಂಜನಗೂಡು ತಾಲ್ಲೂಕಿನ ಬದನವಾಳಿನಿಂದ ಮೈಸೂರು ಸುಮಾರು ಒಂದು ಗಂಟೆಯ ದಾರಿ. ಮೈಸೂರಿನ ಹೆಬ್ಬಾಳದ ಇನ್ಫೊಸಿಸ್ ಆವರಣದಲ್ಲಿ 2005ರಿಂದ ಬಹುದೊಡ್ಡ ತರಬೇತಿ ಕೇಂದ್ರ ನಡೆಯುತ್ತಿದೆ. ಕರ್ನಾಟಕದ ಸಾಫ್ಟ್‌ವೇರ್ ಉದ್ಯಮ ಹೇಗೆ ಬೆಳೆಯಿತು ಎಂಬುದನ್ನು ಆ ಕೇಂದ್ರದಿಂದ ತಿಳಿಯಬಹುದು. ಸಿವಿಲ್, ಮೆಕ್ಯಾನಿಕಲ್ ಓದಿದವರನ್ನು, ಅಲ್ಲಿಯವರೆಗೆ ನೆಟ್ಟಗೆ ಒಂದು ಪ್ರೋಗ್ರಾಂ ಬರೆಯದವರನ್ನು ಆರಿಸಿಕೊಂಡು, ಸಂಬಳ ಕೊಟ್ಟು, ತಿಂಗಳುಗಟ್ಟಲೆ ಕೂರಿಸಿ ಕಲಿಸಿದರು. ಆಗ ಯಾರೂ ಕೌಶಲದ ಕೊರತೆ ಎಂದು ಬಾಗಿಲು ಹಾಕಲಿಲ್ಲ. ಕೆಲಸ ಇತ್ತು, ಜನ ಬೇಕಿತ್ತು, ಆದ್ದರಿಂದ ಕಲಿಸಿದರು. ಈ ಉದ್ಯಮದ ಹೆಮ್ಮೆಯೆಲ್ಲ ಹೊಸಬರಿಗೆ ಸಂಬಳ ಕೊಟ್ಟು ಕಲಿಸಿದ ಆ ವರ್ಷಗಳ ಫಲ.

ಅದೇ ಆವರಣದಿಂದ 2025ರ ಫೆಬ್ರುವರಿಯಲ್ಲಿ ತರಬೇತಿ ಪಡೆಯುತ್ತಿದ್ದ 300ಕ್ಕೂ ಹೆಚ್ಚು ಮಂದಿಯನ್ನು ಹೊರಗೆ ಕಳಿಸಲಾಯಿತು. ಮೂರು ಅವಕಾಶ ಕೊಟ್ಟರೂ ಆಂತರಿಕ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ, ಈ ನಿಯಮ ಅವರ ಒಪ್ಪಂದದಲ್ಲೇ ಇದೆ, ಎರಡು ದಶಕಗಳಿಂದ ಹೀಗೇ ನಡೆದುಬಂದಿದೆ ಎಂದು ಕಂಪನಿ ವಿವರಣೆ ಕೊಟ್ಟಿತು. ನಿಯಮ ಇದೆ, ಒಪ್ಪುತ್ತೇನೆ. ಆದರೆ ಹೊರಹೋದವರಲ್ಲಿ ಅನೇಕರು 2022ರ ಬ್ಯಾಚಿನವರು. ಆಯ್ಕೆಪತ್ರ ಕೈಯಲ್ಲಿ ಹಿಡಿದು ಸುಮಾರು ಎರಡು ವರ್ಷ ಕಾದು, 2024ರ ಕೊನೆಯ ತಿಂಗಳುಗಳಲ್ಲಿ ಕೆಲಸಕ್ಕೆ ಸೇರಿದವರು. ಕಾದ ಎರಡು ವರ್ಷದಲ್ಲಿ ಕಲಿತದ್ದು ಮರೆತುಹೋದರೆ ಅದರ ಹೊಣೆ ಯಾರದು? ಮೂರು ಪರೀಕ್ಷೆಯ ಅಂಕಗಳನ್ನು ಎಣಿಸಿದ ವ್ಯವಸ್ಥೆ ಆ ಮಕ್ಕಳ ಎರಡು ವರ್ಷಗಳನ್ನು ಎಣಿಸಲಿಲ್ಲ. ಕಲಿಸುವ ಜಾಗ ಸೋಸುವ ಜಾಗವಾಗಿ ಬದಲಾದಾಗ ಆಗುವುದು ಇದೇ. ಈ ಪ್ರಸಂಗ ನಡೆದ ದಿನಗಳಲ್ಲೂ ನಮ್ಮಲ್ಲಿ ಅನೇಕರ ಬಾಯಿಂದ ಬಂದ ಮಾತು 'ಚೆನ್ನಾಗಿ ಓದಬೇಕಿತ್ತು' ಎಂಬುದೇ ಆಗಿತ್ತು. ಅಷ್ಟು ಆಳಕ್ಕೆ ಈ ನಂಬಿಕೆ ಇಳಿದಿದೆ.

ಸರಿ, ಖಾಸಗಿ ಕಂಪನಿ ಬೇಡ, ಸರ್ಕಾರಿ ಪರೀಕ್ಷೆ ಬರೆಯಿರಿ, ಅಲ್ಲಿ ಅಂಕವೇ ದೇವರು ಎನ್ನುವವರಿದ್ದಾರೆ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ನಡೆದ ಪರೀಕ್ಷೆಯನ್ನು ಅಕ್ರಮ ಬಯಲಾದ ಮೇಲೆ 2022ರಲ್ಲಿ ರದ್ದು ಮಾಡಲಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ಕ್ಕೆ. ನ್ಯಾಯವಾಗಿ ಓದಿ ಬರೆದು ಆಯ್ಕೆಯಾಗಿದ್ದವರೂ ಎರಡು ವರ್ಷ ಕಳೆದುಕೊಂಡರು. ಇನ್ನು ಕೆಪಿಎಸ್‌ಸಿ: 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ 2024ರ ಆಗಸ್ಟ್ 27ರಂದು ನಡೆಸಿದ ಪೂರ್ವಭಾವಿ ಪರೀಕ್ಷೆಯ ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ಅನುವಾದದ ತಪ್ಪುಗಳು ತುಂಬಿ, ಮರುಪರೀಕ್ಷೆ ನಡೆಸಬೇಕಾಯಿತು. ಡಿಸೆಂಬರ್ 29ರ ಮರುಪರೀಕ್ಷೆಯಲ್ಲೂ ತಪ್ಪುಗಳು ಬಂದವು. ಕರ್ನಾಟಕದಲ್ಲಿ, ಕರ್ನಾಟಕದ ಹುದ್ದೆಗೆ, ಕನ್ನಡದಲ್ಲಿ ಬರೆದವರು ಪ್ರಶ್ನೆಯೇ ಅರ್ಥವಾಗದೆ ಕುಳಿತರು. ಓಟದ ಹಾದಿಯನ್ನೇ ನೆಟ್ಟಗೆ ಹಾಕಲಾರದವರು ಓಡಿದವರ ಕಾಲನ್ನು ದೂರುವ ಹಕ್ಕು ಕಳೆದುಕೊಂಡಿದ್ದಾರೆ.

ಸ್ಪರ್ಧೆಯಲ್ಲಿ ಎಲ್ಲರೂ ಒಂದೇ ಗೆರೆಯಿಂದ ಹೊರಡುತ್ತಾರೆ ಎಂಬುದು ಈ ಸಿದ್ಧಾಂತದ ಅತಿ ದೊಡ್ಡ ಸುಳ್ಳು. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ವೆಲ್ ಅವರ ಅಧ್ಯಯನ 2007ರಲ್ಲಿ 'ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ'ಯಲ್ಲಿ ಪ್ರಕಟವಾಯಿತು. ಪತ್ರಿಕೆಗಳಲ್ಲಿ ಬಂದ 548 ಖಾಸಗಿ ಉದ್ಯೋಗ ಜಾಹೀರಾತುಗಳಿಗೆ 4,808 ಅರ್ಜಿಗಳನ್ನು ಕಳಿಸಲಾಗಿತ್ತು. ವಿದ್ಯಾರ್ಹತೆ ಸಮಾನ, ಅನುಭವ ಸಮಾನ, ಹೆಸರು ಮಾತ್ರ ಬೇರೆ. ದಲಿತ ಹೆಸರಿನ ಅರ್ಜಿಗೆ ಮುಂದಿನ ಹಂತದ ಕರೆ ಬರುವ ಸಂಭವ ಮೇಲ್ಜಾತಿಯ ಹೆಸರಿಗಿಂತ ಸುಮಾರು ಮೂರನೇ ಒಂದರಷ್ಟು ಕಡಿಮೆ ಇತ್ತು, ಮುಸ್ಲಿಂ ಹೆಸರಿಗೆ ಇನ್ನೂ ಕಡಿಮೆ. ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನಕ್ಕಾಗಿ ಸುರಿಂದರ್ ಜೋಧ್ಕಾ ಮತ್ತು ಕ್ಯಾಥರೀನ್ ನ್ಯೂಮನ್ ನೇಮಕಾತಿ ಮಾಡುವ ಅಧಿಕಾರಿಗಳನ್ನು ಮಾತಾಡಿಸಿದಾಗ, ನಾವು ಪ್ರತಿಭೆಯನ್ನು ಮಾತ್ರ ನೋಡುತ್ತೇವೆ ಎಂದವರೇ ಸಂದರ್ಶನದಲ್ಲಿ 'ಕುಟುಂಬದ ಹಿನ್ನೆಲೆ'ಯನ್ನು ಕೇಳುತ್ತೇವೆ ಎಂದೂ ಹೇಳಿದರು. ಅಪ್ಪ ಏನು ಮಾಡುತ್ತಾರೆ, ಯಾವ ಊರು, ಯಾವ ಶಾಲೆ ಎಂಬ ಪ್ರಶ್ನೆಗಳಿಗೆ ಕೂಲಿಕಾರರ ಮಗಳು ಕೊಡುವ ಉತ್ತರವನ್ನು ಯಾವ ಪರ್ಸನಾಲಿಟಿ ಡೆವಲಪ್‌ಮೆಂಟ್ ತರಗತಿಯೂ ತಿದ್ದಲಾರದು, ತಿದ್ದಬೇಕಾಗಿಯೂ ಇಲ್ಲ.

ಬದನವಾಳಿಗೆ ಇದನ್ನು ಹೊರಗಿನಿಂದ ಯಾರೂ ಹೇಳಿಕೊಡಬೇಕಿಲ್ಲ. 1993ರ ಮಾರ್ಚ್ 25ರಂದು, ದೇವಸ್ಥಾನ ಪ್ರವೇಶದ ವಿವಾದದ ಬೆನ್ನಿಗೆ, ಈ ಊರಿನ ಮೂವರು ದಲಿತರ ಕೊಲೆಯಾಯಿತು. ಅವರಲ್ಲಿ ಒಬ್ಬರು ಶಾಲಾ ಶಿಕ್ಷಕರು, ಒಬ್ಬರು ಎಂಜಿನಿಯರ್. ಓದು, ಕೆಲಸ ಹಿಡಿ, ಮೇಲೆ ಬಾ, ಆಮೇಲೆ ಎಲ್ಲ ಸರಿಹೋಗುತ್ತದೆ ಎಂದು ಸಮಾಜ ಹೇಳಿದ್ದನ್ನೆಲ್ಲ ಮಾಡಿದವರು ಅವರು. ಅವರ ಓದಾಗಲಿ ಹುದ್ದೆಯಾಗಲಿ ಅವರನ್ನು ಕಾಯಲಿಲ್ಲ. ಆಮೇಲೆ ದಲಿತರ ಮತ್ತು ಮೇಲ್ಜಾತಿಯವರ ಕೇರಿಗಳ ನಡುವಿನ ದಾರಿ ಬಳಕೆಯಿಲ್ಲದೆ ಬಿದ್ದಿತ್ತು. 2022ರ ಅಕ್ಟೋಬರ್ 2ರಂದು ರಾಹುಲ್ ಗಾಂಧಿ ಭಾರತ್ ಜೋಡೊ ಯಾತ್ರೆಯಲ್ಲಿ ಇಲ್ಲಿಗೆ ಬಂದಾಗ ಅದನ್ನು ದುರಸ್ತಿ ಮಾಡಿ ಮತ್ತೆ ತೆರೆಯಲಾಯಿತು. ಸುಮಾರು ಮೂವತ್ತು ವರ್ಷ ಒಂದು ದಾರಿ ಮುಚ್ಚಿದ್ದ ಊರಿನ ಮಕ್ಕಳಿಗೆ ನೀವೆಲ್ಲ ಒಂದೇ ಗೆರೆಯಲ್ಲಿ ನಿಂತಿದ್ದೀರಿ ಎಂದು ಹೇಳಲು ಎದೆಗಾರಿಕೆ ಬೇಕು. ಆ ಎದೆಗಾರಿಕೆ ನನಗಿಲ್ಲ, ಇರುವವರನ್ನು ನಾನು ಗೌರವಿಸುವುದೂ ಇಲ್ಲ.

ಹಾಗಾದರೆ ಕೆಲಸ ಕಲಿಯುವುದು ಹೇಗೆ? ಉತ್ತರ ಇದೇ ಊರಿನಲ್ಲಿದೆ. ಬದನವಾಳಿನ ಖಾದಿ ಕೇಂದ್ರ ಶುರುವಾದದ್ದು 1927ರಲ್ಲಿ, ಮೈಸೂರು ಸಂಸ್ಥಾನದ ಸರ್ಕಾರವೂ ಅಖಿಲ ಭಾರತ ಚರಖಾ ಸಂಘವೂ ಕೈಜೋಡಿಸಿದ್ದರಿಂದ. ಹತ್ತಿರದ ತಗಡೂರಿನಲ್ಲಿ ತಗಡೂರು ರಾಮಚಂದ್ರರಾಯರು ಆಗಲೇ ಖಾದಿಯ ಕೆಲಸವನ್ನು ಮೈಮೇಲೆ ಹಾಕಿಕೊಂಡಿದ್ದರು. ಗಾಂಧೀಜಿ ಬಂದು ನೋಡಿ ಹೋದ ಕೇಂದ್ರ ಇದು. ಮಳೆ ಕೈಕೊಟ್ಟರೆ ಊಟವಿಲ್ಲದ ಸೀಮೆಯಲ್ಲಿ ಸುತ್ತಲ ಹಳ್ಳಿಯ ಹೆಂಗಸರು ಇಲ್ಲಿ ನೂಲು ತೆಗೆಯಲು ಕೂತರು. ಕೇಂದ್ರ ಹತ್ತಿ ಕೊಡುತ್ತಿತ್ತು, ರಾಟೆ ತಿರುಗಿಸುವುದನ್ನು ತೋರಿಸುತ್ತಿತ್ತು, ನೂತ ನೂಲನ್ನು ಕೊಳ್ಳುತ್ತಿತ್ತು. ನೂಲುವವರಾಗಲು ಯಾರೂ ಪ್ರವೇಶ ಪರೀಕ್ಷೆ ಬರೆಯಲಿಲ್ಲ. ಎಳೆ ದಪ್ಪ ಬಂದರೆ ಪಕ್ಕದಾಕೆ ಹಂಜಿಯನ್ನು ಎಷ್ಟು ಹಗುರ ಹಿಡಿಯಬೇಕೆಂದು ತೋರಿಸಿದಳು. ಎಳೆ ಹರಿದರೆ ಜೋಡಿಸುವುದನ್ನು ಹೊಸಬಳು ಹಾಗೆಯೇ ಕಲಿತಳು. ಒಬ್ಬಳು ಚೆನ್ನಾಗಿ ನೂತರೆ ಇನ್ನೊಬ್ಬಳ ಅನ್ನ ಹೋಗುತ್ತಿರಲಿಲ್ಲ, ಆದ್ದರಿಂದ ಹೇಳಿಕೊಡಲು ಯಾರಿಗೂ ಅಂಜಿಕೆ ಇರಲಿಲ್ಲ.

ಈ ಕೊನೆಯ ಮಾತಿನ ಮೇಲೆ ನನ್ನ ಇಡೀ ವಾದ ನಿಂತಿದೆ. ಕೈಕೆಲಸವಿರಲಿ, ಕಚೇರಿಯ ಕಡತವಿರಲಿ, ಕಾರ್ಖಾನೆಯ ಯಂತ್ರವಿರಲಿ, ಅದರ ಒಳಗುಟ್ಟು ಪುಸ್ತಕದಲ್ಲಿ ಅರ್ಧವೂ ಇರುವುದಿಲ್ಲ. ಅದು ಇರುವುದು ಹತ್ತು ವರ್ಷ ಅದನ್ನೇ ಮಾಡಿದವರ ಕೈಯಲ್ಲಿ, ಕಣ್ಣಿನಲ್ಲಿ. ಅವರು ಹೇಳಿದರೆ ಉಂಟು, ಹೇಳದಿದ್ದರೆ ಇಲ್ಲ. ಹೊಸಬ ತನ್ನ ಜಾಗ ಕಸಿಯಲು ಬಂದವನು ಎಂದು ಹಳಬನಿಗೆ ಅನ್ನಿಸಿದ ದಿನ ಅವನು ಬಾಯಿ ಮುಚ್ಚುತ್ತಾನೆ. ಪಕ್ಕದ ಮೇಜಿನ ಗೆಳತಿ ತನ್ನ ಎದುರಾಳಿ ಎಂದು ಹೊಸಬಳಿಗೆ ಹೇಳಿಕೊಟ್ಟ ದಿನ ಅವಳು ತಿಳಿಯದ್ದನ್ನು ಕೇಳುವುದು ನಿಲ್ಲಿಸುತ್ತಾಳೆ, ತಿಳಿದಂತೆ ನಟಿಸುತ್ತಾಳೆ. ಹೀಗೆ ಸ್ಪರ್ಧೆ ಕಲಿಕೆಯ ಬಾಯನ್ನೇ ಕಟ್ಟುತ್ತದೆ. ಸಂಬಳ ಎಷ್ಟೆಂದು ಒಬ್ಬರಿಗೊಬ್ಬರು ಹೇಳಿಕೊಳ್ಳದ, ತಪ್ಪಾದರೆ ಮುಚ್ಚಿಡುವ, ಮೇಲಿನವರ ಮುಂದೆ ಮಾತ್ರ ಚುರುಕಾಗಿ ಕಾಣುವ ಕೆಲಸಗಾರರು ಹೀಗೇ ತಯಾರಾಗುತ್ತಾರೆ. ಇವರನ್ನು ನಾವು ಸ್ಮಾರ್ಟ್ ಎನ್ನುತ್ತೇವೆ.

ಕೂಲಿಯ ವಿಷಯದಲ್ಲೂ ಖಾದಿಯ ಚರಿತ್ರೆ ಒಂದು ಪಾಠ ಕಲಿಸಿದೆ. 1935ರಲ್ಲಿ ಗಾಂಧೀಜಿ ನೂಲುವವರಿಗೆ ಎಂಟು ಗಂಟೆಯ ಕೆಲಸಕ್ಕೆ ಎಂಟಾಣೆ ಸಿಗಬೇಕೆಂದು ಹಟ ಹಿಡಿದರು. ಕೂಲಿ ಏರಿದರೆ ಖಾದಿಯ ಬೆಲೆ ಏರುತ್ತದೆ, ಮಿಲ್ ಬಟ್ಟೆಯ ಎದುರು ಮಾರಾಟವಾಗುವುದಿಲ್ಲ ಎಂದು ಹಿಂಜರಿದವರು ಖಾದಿಯವರಲ್ಲೇ ಇದ್ದರು. ಕೊನೆಗೆ ಚರಖಾ ಸಂಘ ಮೂರಾಣೆಯಿಂದ ಶುರುಮಾಡಲು ಒಪ್ಪಿತು. ಎಂಟಾಣೆ ಸಿಗಲಿಲ್ಲ ನಿಜ. ಆದರೆ ಕೂಲಿಯನ್ನು ಮಾರುಕಟ್ಟೆ ತಾನಾಗಿ ನಿಗದಿ ಮಾಡಬೇಕಿಲ್ಲ, ಒಬ್ಬ ಹೆಂಗಸು ಬದುಕಲು ಏನು ಬೇಕು ಎಂಬಲ್ಲಿಂದಲೂ ಲೆಕ್ಕ ಶುರುಮಾಡಬಹುದು ಎಂಬ ತತ್ವ ಅಂದು ಸ್ಥಾಪನೆಯಾಯಿತು. ಇಂದು ಹೊಸಬರಿಗೆ ಆರು ತಿಂಗಳು ಬಿಟ್ಟಿ ದುಡಿಯಿರಿ, ಅನುಭವವೇ ಸಂಬಳ ಎನ್ನುವವರು ಆ ತತ್ವದ ಮುಂದೆ ನಿಂತು ಉತ್ತರಿಸಲಿ. ಬಿಟ್ಟಿ ದುಡಿಯುವ ಶಕ್ತಿ ಇರುವುದು ಅಪ್ಪನ ಸಂಬಳ ಮನೆಗೆ ಬರುವವರಿಗೆ ಮಾತ್ರ. ಉಳಿದವರಿಗೆ ಅದು ಮುಚ್ಚಿದ ಬಾಗಿಲು.

ತಿ. ನರಸೀಪುರದಲ್ಲೂ ಇದೇ ಪಾಠ ಕಾಣುತ್ತದೆ. ಮೈಸೂರು ರೇಷ್ಮೆ ಸೀರೆಯನ್ನು ಮೆಚ್ಚದವರಿಲ್ಲ. ಅದನ್ನು ನೇಯುವ ಮೈಸೂರಿನ ಕಾರ್ಖಾನೆ 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದದ್ದು, 1980ರಿಂದ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ (ಕೆಎಸ್‌ಐಸಿ) ನಡೆಸುತ್ತಿದೆ. ಅದಕ್ಕೆ ನೂಲು ಒದಗಿಸುವುದು ತಿ. ನರಸೀಪುರದ ರೇಷ್ಮೆ ನೂಲು ತೆಗೆಯುವ ಕಾರ್ಖಾನೆ. ಬೇಯಿಸಿದ ಗೂಡಿನಿಂದ ಎಳೆಯ ತುದಿ ಹಿಡಿಯುವುದು, ಹಲವು ಗೂಡುಗಳ ಎಳೆಯನ್ನು ಒಂದೇ ಹದದ ನೂಲಾಗಿ ಸೇರಿಸುವುದು, ಒಂದು ಗೂಡು ಮುಗಿಯುವ ಹೊತ್ತಿಗೆ ಇನ್ನೊಂದನ್ನು ಜೋಡಿಸುವುದು ಯಾವ ಕೋಚಿಂಗ್ ಸೆಂಟರಿನಲ್ಲೂ ಕಲಿಯುವ ವಿದ್ಯೆಯಲ್ಲ. ಕೆಲಸ ಖಾಯಂ ಇದ್ದು, ಸಂಬಳ ತಿಂಗಳಿಗೆ ಸರಿಯಾಗಿ ಬರುವಲ್ಲಿ, ಹಳಬರಿಂದ ಹೊಸಬರಿಗೆ ಅದು ದಾಟುತ್ತದೆ. ನಾವು ಹೆಮ್ಮೆಪಡುವ ಗುಣಮಟ್ಟ ಅಂಥ ಭದ್ರತೆಯಿಂದ ಬಂದದ್ದು.

ನನ್ನ ಮಾತಿಗೆ ಬರುವ ಮೊದಲ ಆಕ್ಷೇಪ ನನಗೆ ಗೊತ್ತಿದೆ. ಬದನವಾಳಿನ ಕೇಂದ್ರ ಇಂದು ಯಾವ ಸ್ಥಿತಿಯಲ್ಲಿದೆ ನೋಡಿ, ಕಟ್ಟಡಗಳು ಹಾಳು ಬಿದ್ದಿವೆ, ನೂಲುವವರು ಬೆರಳೆಣಿಕೆ, ಸ್ಪರ್ಧೆ ಕಲಿಯದ್ದರಿಂದಲೇ ಅಲ್ಲವೇ ಸೋತದ್ದು ಎನ್ನುತ್ತಾರೆ. ಕೇಂದ್ರ ಬಡವಾಗಿದೆ, ನಿಜ. ಖಾದಿ ಊರಿನ ಜಾತಿಯ ಗೋಡೆಯನ್ನು ಕೆಡವಲಿಲ್ಲ ಎಂಬುದೂ ನಿಜ, 1993 ಅದಕ್ಕೆ ಸಾಕ್ಷಿ. ಆದರೆ ಅದು ಬಡವಾದದ್ದು ಅಲ್ಲಿನ ಹೆಂಗಸರಿಗೆ ಕೆಲಸ ಬಾರದೆ ಅಲ್ಲ. ಖಾದಿ ಆಯೋಗ ಒಂದು ಲಡಿ ನೂಲಿಗೆ ಕೊಡಿಸುತ್ತಿದ್ದ ಕೂಲಿ 2023ರವರೆಗೆ ಏಳೂವರೆ ರೂಪಾಯಿ. ಹಂತ ಹಂತವಾಗಿ ಏರಿ ಅದು 15 ರೂಪಾಯಿ ಆದದ್ದು 2025ರ ಏಪ್ರಿಲ್‌ನಲ್ಲಿ. ಒಂದು ಲಡಿ ಎಂದರೆ ಸಾವಿರ ಮೀಟರ್ ನೂಲು. ಆ ಕೂಲಿಗೆ ಯಾವ ತಾಯಿ ತನ್ನ ಮಗಳನ್ನು ರಾಟೆಯ ಮುಂದೆ ಕೂರಿಸುತ್ತಾಳೆ?

ರಂಗಕರ್ಮಿ ಪ್ರಸನ್ನ 2015ರ ಏಪ್ರಿಲ್ 19ರಂದು ಬದನವಾಳಿನ ಇದೇ ಅಂಗಳದಲ್ಲಿ ಸುಸ್ಥಿರ ಬದುಕಿನ ಸಮಾವೇಶ ಕರೆದು, ದೇಶದ ಗಮನವನ್ನು ಈ ಕಡೆ ತಿರುಗಿಸಿದರು. ಸಾಗರ ತಾಲ್ಲೂಕಿನ ಭೀಮನಕೋಣೆಯಲ್ಲಿ ಅವರು ಕಟ್ಟಿದ ಚರಕ ಸಂಸ್ಥೆಯಲ್ಲಿ ಹಳ್ಳಿಯ ಹೆಣ್ಣುಮಕ್ಕಳು ಬಣ್ಣ ಹಾಕುವುದನ್ನು, ನೇಯುವುದನ್ನು, ಲೆಕ್ಕ ಬರೆಯುವುದನ್ನು, ಸಹಕಾರ ಸಂಘ ನಡೆಸುವುದನ್ನು ಕೆಲಸ ಮಾಡುತ್ತಲೇ ಕಲಿತರು. ಅವರ ಬಟ್ಟೆಗೆ ಪೇಟೆಗಳಲ್ಲಿ ಕೊಳ್ಳುವವರಿದ್ದರು. ಅಂಥ ಸಂಸ್ಥೆಯೂ 2020ರಲ್ಲಿ ದಿವಾಳಿಯ ಮಾತಾಡಬೇಕಾಯಿತು, ಸರ್ಕಾರದಿಂದ ಬರಬೇಕಾದ ಹಣ ಬಾರದೆ. ಮಿಲ್ಲಿಗೆ, ದೊಡ್ಡ ಉದ್ಯಮಕ್ಕೆ ಕೊಟ್ಟ ಆಸರೆಯಲ್ಲಿ ಒಂದು ಪಾಲೂ ಕೈಗೆಲಸಕ್ಕೆ ಕೊಡದೆ, ಕೊನೆಗೆ ಸ್ಪರ್ಧೆಯಲ್ಲಿ ಸೋತಿರಿ ಎಂದು ತೀರ್ಪು ಕೊಡುವುದು ನ್ಯಾಯವಲ್ಲ.

ಎರಡನೆಯ ಆಕ್ಷೇಪ: ಕಂಪನಿಗಳು ಧರ್ಮಛತ್ರಗಳಲ್ಲ, ಕಲಿಸುವುದು ಅವುಗಳ ಕೆಲಸವಲ್ಲ. ನಂಜನಗೂಡಿನ ಸುತ್ತ ತಾಂಡ್ಯ, ಅಡಕನಹಳ್ಳಿ, ಹಿಮ್ಮಾವು ಕೈಗಾರಿಕಾ ಪ್ರದೇಶಗಳ ನೆಲ ಯಾರದಾಗಿತ್ತು ಎಂದು ಈ ಮಾತು ಹೇಳುವವರು ಯೋಚಿಸಲಿ. ರೈತರ ಜಮೀನನ್ನು ಸರ್ಕಾರ ಸ್ವಾಧೀನ ಮಾಡಿಕೊಂಡು ಉದ್ಯಮಗಳಿಗೆ ಕೊಟ್ಟಿದೆ. ರಸ್ತೆ, ವಿದ್ಯುತ್, ಕಬಿನಿಯ ನೀರು ಎಲ್ಲರ ದುಡ್ಡಿನಿಂದ ಬಂದಿವೆ. ನೆಲ ಬಿಟ್ಟುಕೊಟ್ಟ ಹಿಮ್ಮಾವಿನ ಕುಟುಂಬಗಳು ಕೊಟ್ಟ ಮಾತಿನಂತೆ ಮಕ್ಕಳಿಗೆ ಕೆಲಸ ಕೊಡಿ ಎಂದು ಧರಣಿ ಕೂರಬೇಕಾಯಿತು. ಪಡೆಯುವಾಗ ಊರಿನದೆಲ್ಲ ಬೇಕು, ಕೊಡುವಾಗ ಊರಿನ ಮಕ್ಕಳಿಗೆ ಕೌಶಲವಿಲ್ಲ. ರಾಜ್ಯದ ಕೈಗಾರಿಕಾ ನೀತಿಗಳಲ್ಲಿ ಒಟ್ಟು ಉದ್ಯೋಗದ ಶೇ 70ರಷ್ಟು ಕನ್ನಡಿಗರಿಗೆ ಎಂಬ ಷರತ್ತು ಬರೆದಿಟ್ಟಿದೆ. ಸರೋಜಿನಿ ಮಹಿಷಿ ಸಮಿತಿ 1986ರಲ್ಲೇ ವರದಿ ಕೊಟ್ಟಿದೆ. 2024ರ ಜುಲೈಯಲ್ಲಿ ಸ್ಥಳೀಯರಿಗೆ ಉದ್ಯೋಗ ಮೀಸಲಿಡುವ ಮಸೂದೆಗೆ ಸಚಿವ ಸಂಪುಟ ಒಪ್ಪಿಗೆ ಕೊಟ್ಟಾಗ ಉದ್ಯಮಿಗಳು ಕೌಶಲದ ಮಾತೆತ್ತಿ ವಿರೋಧಿಸಿದರು. ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿಯಲಾಯಿತು.

ಕಲಿಸುವುದು ದಾನವೂ ಅಲ್ಲ. ಅಪ್ರೆಂಟಿಸ್ ಕಾಯ್ದೆ 1961ರಿಂದ ಇದೆ. ಮೂವತ್ತು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳು ತಮ್ಮ ಕೆಲಸಗಾರರ ಸಂಖ್ಯೆಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕೆಂಬ ನಿಯಮವಿದೆ. ಆದರೆ 2019ರ ತಿದ್ದುಪಡಿಯಲ್ಲಿ ಅವರ ಕನಿಷ್ಠ ಭತ್ಯೆಯನ್ನು ತಿಂಗಳಿಗೆ 5,000ದಿಂದ 9,000 ರೂಪಾಯಿಯ ನಡುವೆ ನಿಗದಿ ಮಾಡಲಾಯಿತು, ಪದವೀಧರರಿಗೆ 9,000. ಅವರು ಕಲಿಯುವವರು, ಕೆಲಸಗಾರರಲ್ಲ ಎಂದು ಕಾಯ್ದೆಯೇ ಹೇಳುವುದರಿಂದ ಕಾರ್ಮಿಕ ಕಾನೂನುಗಳ ಬಹುಪಾಲು ರಕ್ಷಣೆ ಅವರಿಗಿಲ್ಲ. ಜರ್ಮನಿಯಲ್ಲಿ ಹದಿನೇಳು ಹದಿನೆಂಟರ ಹುಡುಗ ವಾರದ ಹೆಚ್ಚಿನ ದಿನ ಕಾರ್ಖಾನೆಯಲ್ಲಿ ಭತ್ಯೆ ಪಡೆದು ದುಡಿಯುತ್ತಾನೆ, ಉಳಿದ ದಿನ ವೃತ್ತಿಶಾಲೆಯಲ್ಲಿ ಓದುತ್ತಾನೆ. ಎರಡರಿಂದ ಮೂರೂವರೆ ವರ್ಷ ಹೀಗೆ ನಡೆದ ಮೇಲೆ ಅವನ ಕೈಗೆ ಬರುವ ಪ್ರಮಾಣಪತ್ರಕ್ಕೆ ಇಡೀ ದೇಶದಲ್ಲಿ ಬೆಲೆಯಿದೆ. ಉದ್ಯಮ, ಕಾರ್ಮಿಕ ಸಂಘ, ಸರ್ಕಾರ ಮೂರೂ ಸೇರಿ ಪಠ್ಯ ನಿರ್ಧರಿಸುತ್ತವೆ. ಜಗತ್ತಿನ ಅತಿ ಪೈಪೋಟಿಯ ಮಾರುಕಟ್ಟೆಗಳಲ್ಲಿ ಆ ದೇಶದ ಯಂತ್ರಗಳು ಮಾರಾಟವಾಗುತ್ತವೆ. ಉದ್ಯಮಗಳು ಹೊರಗೆ ಪೈಪೋಟಿ ನಡೆಸಲಿ, ಒಳಗೆ ಕಲಿಯುವ ಮಕ್ಕಳನ್ನು ಪೈಪೋಟಿಗೆ ಬಿಡಬಾರದು ಎಂಬ ತಿಳಿವಳಿಕೆ ಅಲ್ಲಿದೆ.

ಮೂರನೆಯ ಆಕ್ಷೇಪ ಪ್ರೀತಿಯಿಂದ ಬರುವಂಥದು, ಆದ್ದರಿಂದ ಅದಕ್ಕೆ ಗೌರವದಿಂದ ಉತ್ತರಿಸಬೇಕು. ವ್ಯವಸ್ಥೆ ಬದಲಾಗುವವರೆಗೆ ನನ್ನ ಮಗ ಏನು ಮಾಡಬೇಕು, ಇಂಗ್ಲಿಷ್ ಕಲಿಯಬಾರದೇ, ಕಂಪ್ಯೂಟರ್ ಕಲಿಯಬಾರದೇ ಎಂದು ತಂದೆತಾಯಿ ಕೇಳುತ್ತಾರೆ. ಖಂಡಿತ ಕಲಿಯಬೇಕು. ಇಂಗ್ಲಿಷ್ ಬಂದರೆ ಬಾಗಿಲುಗಳು ತೆರೆಯುತ್ತವೆ. ಶ್ರಮಪಡದೆ ಯಾವ ವಿದ್ಯೆಯೂ ಒಲಿಯುವುದಿಲ್ಲ. ನಾನು ಖಂಡಿಸುವುದು ಶ್ರಮವನ್ನಲ್ಲ. ಶ್ರಮಪಟ್ಟೂ ಕೆಲಸ ಸಿಗದವರ ಎದೆಯೊಳಗೆ 'ನಾನು ನಾಲಾಯಕ್ಕು' ಎಂಬ ಮಾತನ್ನು ನೆಡುವ ಉಪದೇಶವನ್ನು. ಆ ಮಾತು ನೆಟ್ಟ ಮೇಲೆ ಹುಡುಗ ಊರ ಹಬ್ಬಕ್ಕೆ ಬರುವುದಿಲ್ಲ, ನೆಂಟರ ಮುಖ ನೋಡುವುದಿಲ್ಲ, ಒಂದು ಕೋರ್ಸಿನಿಂದ ಇನ್ನೊಂದು ಕೋರ್ಸಿಗೆ ಸಾಲ ಮಾಡಿ ಶುಲ್ಕ ಕಟ್ಟುತ್ತಾನೆ. ಗದ್ದೆ ಅಡವಿಟ್ಟ ಅಪ್ಪ ಸುಮ್ಮನಾಗುತ್ತಾನೆ. ಈ ನಾಚಿಕೆಯ ಮೇಲೆ ಒಂದು ದೊಡ್ಡ ವ್ಯಾಪಾರವೇ ನಡೆಯುತ್ತಿದೆ.

ಇದರ ಜೊತೆಗೆ ಗಂಟೆಯ ಲೆಕ್ಕವೂ ಸೇರಿತು. 2023ರ ಅಕ್ಟೋಬರ್‌ನಲ್ಲಿ ಇನ್ಫೊಸಿಸ್ ಸಂಸ್ಥಾಪಕರಲ್ಲೊಬ್ಬರಾದ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು, 2025ರ ಆರಂಭದಲ್ಲಿ ಎಲ್ ಅಂಡ್ ಟಿ ಅಧ್ಯಕ್ಷರ 90 ಗಂಟೆಯ ಮಾತು ಹೊರಬಂತು. ನಮ್ಮ ಹಳ್ಳಿಗಳಿಂದ ಬೆಳಗಿನ ಬಸ್ಸು ಹಿಡಿದು ಕಾರ್ಖಾನೆಗೆ ಹೋಗಿ, ರಾತ್ರಿ ಮನೆ ಸೇರುವ ಗುತ್ತಿಗೆ ಕೆಲಸಗಾರ್ತಿ ಮನೆಗೆಲಸವೂ ಸೇರಿ ಅಷ್ಟು ಹೊತ್ತು ಯಾವತ್ತಿನಿಂದಲೋ ದುಡಿಯುತ್ತಿದ್ದಾಳೆ. ಅಷ್ಟು ದುಡಿದರೂ ಅವಳು ಖಾಯಂ ಆಗಲಿಲ್ಲ. ದುಡಿಮೆ ಸಾಲದೆ ಯಾರೂ ಹಿಂದೆ ಬಿದ್ದಿಲ್ಲ.

ಹಾಗಾದರೆ ಏನಾಗಬೇಕು? ಆಯ್ಕೆಪತ್ರ ಕೊಟ್ಟ ಮೇಲೆ ಇಂಥ ದಿನದೊಳಗೆ ಕೆಲಸಕ್ಕೆ ಸೇರಿಸಿಕೊಳ್ಳಬೇಕು, ತಡವಾದರೆ ಆ ದಿನಗಳಿಗೆ ಪರಿಹಾರ ಕೊಡಬೇಕು ಎಂಬ ಕಾನೂನು ಬರಲಿ. ತರಬೇತಿಯ ತಿಂಗಳುಗಳನ್ನು ಸೇವೆಯೆಂದೇ ಎಣಿಸಲಿ, ಅಪ್ರೆಂಟಿಸ್ ಭತ್ಯೆ ಕನಿಷ್ಠ ಕೂಲಿಗಿಂತ ಕೆಳಗಿಳಿಯದಿರಲಿ. ಸರ್ಕಾರದ ನೆಲ, ನೀರು, ರಿಯಾಯಿತಿ ಪಡೆದ ಪ್ರತಿ ಉದ್ಯಮವೂ ತನ್ನ ತಾಲ್ಲೂಕಿನ ಎಷ್ಟು ಹೊಸಬರಿಗೆ ಕಲಿಸಿತು, ಅವರಲ್ಲಿ ಎಷ್ಟು ಮಂದಿಯನ್ನು ಖಾಯಂ ಮಾಡಿತು ಎಂಬುದನ್ನು ಪ್ರತಿ ವರ್ಷ ಗ್ರಾಮಸಭೆಗೆ ಗೊತ್ತಾಗುವಂತೆ ಪ್ರಕಟಿಸಲಿ. ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ ಕೊಡುವ ಯುವನಿಧಿಯನ್ನು ಸರ್ಕಾರ 2024ರ ಜನವರಿಯಲ್ಲಿ ಶುರುಮಾಡಿತು, ಕಷ್ಟದಲ್ಲಿರುವವರಿಗೆ ಅದು ನೆರವು. ಆದರೆ ಖಾಲಿ ಬಿದ್ದ ಸರ್ಕಾರಿ ಹುದ್ದೆಗಳನ್ನು ತುಂಬದೆ ಭತ್ಯೆ ಕೊಡುವುದು ಅರ್ಧ ಕೆಲಸ. ಬದನವಾಳಿನಂಥ ಕೇಂದ್ರಗಳನ್ನು ಅಕ್ಟೋಬರ್ 2ರಂದು ಹಾರ ಹಾಕುವ ಸ್ಮಾರಕಗಳಾಗಿ ಇಡದೆ, ಬದುಕಲು ಆಗುವಷ್ಟು ಕೂಲಿ ಕೊಡುವ, ಎರಡೂ ಕೇರಿಗಳ ಮಕ್ಕಳು ಅಕ್ಕಪಕ್ಕ ಕೂತು ಕಲಿಯುವ ಜಾಗಗಳಾಗಿ ಮತ್ತೆ ಕಟ್ಟಬೇಕು.

ಹೊಸದಾಗಿ ಕೆಲಸಕ್ಕೆ ಹೋಗುವ ತಂಗಿ ತಮ್ಮಂದಿರಿಗೆ ನನ್ನ ಮಾತು ಇಷ್ಟು. ಪಕ್ಕದಲ್ಲಿ ಕೂತವರನ್ನು ಸೋಲಿಸಲು ಹೋಗಬೇಡಿ, ಅವರಿಂದ ಕಲಿಯಿರಿ, ನಿಮಗೆ ತಿಳಿದದ್ದನ್ನು ಅವರಿಗೆ ಹೇಳಿಕೊಡಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ, ಹಾಗೆ ಹೇಳಿದವರಿಗೇ ಕೆಲಸ ಬೇಗ ಬರುವುದು. ಸೇರುವ ಮೊದಲು ಸಂಬಳ, ಪಿಎಫ್, ಇಎಸ್‌ಐ, ಖಾಯಮಾತಿಯ ದಿನಾಂಕವನ್ನು ಬರಹದಲ್ಲಿ ಕೇಳಿ. ನಿಮ್ಮ ಜೊತೆ ಸೇರಿದವರಿಗೆ ಎಷ್ಟು ಕೊಡುತ್ತಾರೆ ಎಂದು ತಿಳಿದುಕೊಳ್ಳಿ, ನಿಮ್ಮದನ್ನೂ ಹೇಳಿ. ಅನ್ಯಾಯವಾದರೆ ಒಬ್ಬರೇ ಅಳಬೇಡಿ, ಕೂಡಿ ಕೇಳಿ, ಸಂಘ ಕಟ್ಟಿ. ಕೆಲಸ ಸಿಗದಿದ್ದರೆ ನಿಮ್ಮಲ್ಲಿ ಕೊರತೆ ಹುಡುಕುವ ಮೊದಲು, ಕಲಿಸಲು ಒಪ್ಪದವರನ್ನು ಏಕೆ ಎಂದು ಕೇಳಿ. ಕಲಿಸುವ ಹೊಣೆ ಅವರದು, ಕಲಿಯುವ ಹಕ್ಕು ನಿಮ್ಮದು.